ಇಪ್ಪತ್ನಾಲ್ಕು ಬರ್ತು, ಒಂದು ಗೋಡೆ

ನಾನು ಬೋಲ್ಟ್ ಹಾಕಿದ ಬರ್ತ್ ಮೇಲೆ ಮಲ್ಕೊಂಡು ಈ ದೇಶದಲ್ಲಿ ಎಷ್ಟು ಜನ ಗೊರಕೆ ಹೊಡೆದಿದಾರೆ ಅಂತ ಯಾರಾದ್ರೂ ಎಣಿಸೋಕೆ ಕೂತ್ರೆ, ಕೂತವರಿಗೇ ನಿದ್ದೆ ಬಂದ್ಬಿಡುತ್ತೆ. ನೀವು ಯಾವತ್ತಾದ್ರೂ ಸ್ಲೀಪರ್ ಕೋಚಲ್ಲಿ ಹೋಗಿದ್ರೆ, ನಿಮ್ಮ ಬೆನ್ನಿಗೂ ನನ್ನ ಸ್ಪ್ಯಾನರ್‌ಗೂ ಏನೋ ಒಂದು ನಂಟು ಇದ್ದೇ ಇರುತ್ತೆ. ಇದು ಜಂಬ ಅಂತಾಳೆ ನನ್ನ ಹೆಂಡತಿ. ಊರಿಗೆ ಹೋಗುವಾಗ ರೈಲಿನ ಬರ್ತನ್ನ ಎರಡೂ ಕೈಲಿ ಅಲ್ಲಾಡಿಸಿ, "ಇದು ನೀವು ಹಾಕಿದ್ದಲ್ಲ ತಾನೇ?" ಅಂತ ಕೇಳಿ, ಆಮೇಲೇ ಮಲಗೋದು ಅವಳು.

ಅಂಥಾ ನನಗೆ ಒಂದು ಗೋಡೆ ಹೆಂಗೆ ಮಣ್ಣು ಮುಕ್ಕಿಸ್ತು ಅಂತ ಹೇಳ್ತೀನಿ ಕೇಳಿ.

ಚೆನ್ನೈನ ಪೆರಂಬೂರಲ್ಲಿ, ನಾನು ರಿಟೈರ್ ಆದ ರೈಲ್ವೆ ಕೋಚ್ ಫ್ಯಾಕ್ಟರಿ ಹತ್ರ, ನಮ್ಮ ಕನ್ನಡ ಕ್ರೈಸ್ತ ಸಭೆಯಿಂದ ನಾಲ್ಕು ಬೀದಿ ಆಚೆ ಒಂದು ಹಳೇ ಮಿಷನ್ ಬಂಗಲೆ ಇದೆ. ಅದರಲ್ಲಿ ಹೆಣ್ಮಕ್ಕಳ ಅನಾಥಾಶ್ರಮ. ಎಲ್ಲರೂ ಹೋಮ್ ಅಂತಾರೆ. ಇಪ್ಪತ್ನಾಲ್ಕು ಮಕ್ಕಳು. ನಾನು ಅಲ್ಲಿಗೆ ಹೋಗೋಕೆ ಶುರು ಮಾಡಿದ್ದು ಇಬ್ಬರು ಅಕ್ಕತಂಗೀರಿಂದ. ರಾಯಚೂರು ಕಡೆಯವರು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಅಂತ ಇಲ್ಲಿಗೆ ಬಂದವರು ಇಬ್ಬರೂ ತೀರಿ ಹೋಗ್ಬಿಟ್ರು. ಅಕ್ಕನಿಗೆ ಹನ್ನೊಂದು, ತಂಗಿಗೆ ಆರು. ತಂಗಿ ಯಾರ ಹತ್ರನೂ ಬಾಯೇ ಬಿಡ್ತಿರಲಿಲ್ಲ. ವಾರ್ಡನ್ನಮ್ಮ ತಮಿಳಿನವರು, ಮಗು ಮೂಗಿ ಇರಬೇಕು ಅಂತ ಹೆದರಿ ನಮ್ಮ ಪಾಸ್ಟರ್‌ಗೆ ಫೋನ್ ಮಾಡಿದ್ರು. ಪಾಸ್ಟರ್ ನನ್ನನ್ನ ಕಳಿಸಿದ್ರು. ಸುಮ್ನೆ ಕೂತ್ಕೊಳ್ಳೋಕೆ ಬರದೇ ಇರೋ ಮುದುಕ ಸಭೇಲಿ ನಾನೊಬ್ಬನೇ.

ಹೋಗಿ "ಏನ್ ಪುಟ್ಟೀ, ಊಟ ಆಯ್ತಾ?" ಅಂದೆ.

"ಆತು. ಬರೇ ಅನ್ನನ ಕೊಡ್ತಾರ. ರೊಟ್ಟಿ ಕೊಡಂಗೇ ಇಲ್ಲ," ಅಂದ್ಲು.

ಮೂಗಿ ಅಲ್ಲ, ಕಂಪ್ಲೇಂಟ್ ಇತ್ತು. ಕೇಳೋರು ಇರಲಿಲ್ಲ, ಅಷ್ಟೆ. ಅವತ್ತಿಂದ ಪ್ರತಿ ಶನಿವಾರ ನನ್ನ ಹೆಂಡತಿ ಕೈಲಿ ರೊಟ್ಟಿ ತಟ್ಟಿಸ್ಕೊಂಡು ಹೋಗ್ತಿದ್ದೆ. ನಾವು ಕೋಲಾರದವರು, ಅವಳು ತಟ್ಟೋ ರೊಟ್ಟಿ ರೊಟ್ಟೀನೇ ಅಲ್ಲ ಅಂತ ಆ ಆರು ವರ್ಷದ್ದು ನನ್ನ ಮುಖಕ್ಕೇ ಹೇಳ್ತಿತ್ತು. ಉಳಿದ ಮಕ್ಕಳಿಗೆಲ್ಲ ನಾನು ತಾತ, ಇವರಿಬ್ಬರಿಗೆ ಮಾತ್ರ ಅಜ್ಜ.

ಹಿಂಗಿರುವಾಗ ಸರ್ಕಾರದ ಕಡೆಯಿಂದ ತಪಾಸಣೆಗೆ ಬಂದ ಮೇಡಂ ಒಬ್ರು ಬರೆದಿಟ್ಟು ಹೋದ್ರು: ಮಕ್ಕಳು ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗ್ತಿದಾರೆ, ಮುಂದಿನ ಸಲ ಬರೋ ಹೊತ್ತಿಗೆ ತಲೆಗೊಂದು ಬೆಡ್ ಇರಬೇಕು. ಇಲ್ಲ ಅಂದ್ರೆ ಮಕ್ಕಳನ್ನ ಬೇರೆ ಹೋಮ್‌ಗಳಿಗೆ ಹಂಚ್ತಾರೆ. ಹತ್ತು ವರ್ಷ ದಾಟಿದವರು ಒಂದು ಕಡೆ, ಚಿಕ್ಕವರು ಇನ್ನೊಂದು ಕಡೆ.

ಆ ಶನಿವಾರ ಅಕ್ಕ ರೊಟ್ಟಿ ಮುಟ್ಟಲಿಲ್ಲ. "ಅಜ್ಜಾ, ನಂಗೆ ಒಂದೀಟು ತಮಿಳು ಬರ್ತೈತಿ. ನನ್ ತಂಗೀಗೆ ಬರಂಗಿಲ್ಲ. ಬ್ಯಾರೆ ಕಡೆ ಕಳಿಸಿದ್ರ ಅಕಿ ಯಾರ ಕೂಡ ಮಾತಾಡ್ತಾಳ?"

ಎಂಥೆಂಥ ಫೋರ್‌ಮನ್‌ಗಳ ಪ್ರಶ್ನೆಗೆಲ್ಲ ಪಟ್ ಅಂತ ಉತ್ತರ ಕೊಟ್ಟವನು ನಾನು. ಅವತ್ತು ಮುಟ್ಟದ ರೊಟ್ಟೀನ ಮತ್ತೆ ಕಟ್ಕೊಂಡು ಎದ್ದು ಬಂದೆ.

ಆ ಹೊತ್ತಿಗೆ ಸರಿಯಾಗಿ ವಿದೇಶದಿಂದ ಸೇವೆಗೆ ಅಂತ ಒಂದು ಮಿಷನ್ ತಂಡ ಬರೋದಿತ್ತು. ಎರಡು ವಾರಕ್ಕೆ, ಎಂಟು ಜನ. ಇಂಥಾ ತಂಡಗಳು ವರ್ಷಾ ವರ್ಷಾ ಬರ್ತವೆ. ಮಕ್ಕಳ ಜೊತೆ ಆಡ್ತಾರೆ, ಹಾಡ್ತಾರೆ, ಮಲಗೋ ಹಾಲಿನ ಗೋಡೆಗೆ ಪೇಂಟ್ ಹೊಡೀತಾರೆ, ಅಳ್ತಾ ಹೋಗ್ತಾರೆ. ಒಂದು ವರ್ಷ ಹಳದಿ, ಒಂದು ವರ್ಷ ನೀಲಿ, ಒಂದು ವರ್ಷ ಮೋಡ ಬಿಡಿಸಿ ಮೋಡದ ಮೇಲೆ ಕುರಿ. ಎಲ್ಲಾ ಥಳಥಳ ಹೊಳೆಯೋ ಎಣ್ಣೆ ಪೇಂಟು. ಈ ಸಲದ ತಂಡದ ಮುಖ್ಯಸ್ಥೆ ಅರವತ್ತು ದಾಟಿದ ಒಬ್ಬ ಹೆಂಗಸು, ಬಾಗಿಲಷ್ಟು ಅಗಲ. ಬಂದ ಮೊದಲನೇ ದಿನಾನೇ ಬಣ್ಣದ ಕಾರ್ಡ್ ತೆಗೆದು, "ಈ ಸಲ ಹಸಿರು ಚೆನ್ನಾಗಿರುತ್ತೆ," ಅಂದ್ಲು.

"ಮೇಡಂ, ಹಸಿರು ಗೋಡೆ ಮೇಲೆ ಮಗು ಮಲಗೋಕಾಗುತ್ತಾ?" ಅಂತ ನನ್ನ ರೈಲ್ವೆ ಇಂಗ್ಲಿಷಲ್ಲಿ ಕೇಳಿ, ತಪಾಸಣೆ ವಿಷಯ ಪೂರ್ತಿ ಹೇಳಿದೆ. ಅವಳು ಕಾರ್ಡ್ ಮಡಚಿ ಜೇಬಲ್ಲಿಟ್ಟು, "ಏನು ಮಾಡಬೇಕು, ಹೇಳಿ," ಅಂದ್ಲು.

ಹಾಲು ಮೂವತ್ತು ಅಡಿ ಉದ್ದ, ಹದಿನಾಲ್ಕು ಅಡಿ ಅಗಲ. ಇಪ್ಪತ್ನಾಲ್ಕು ಮಂಚ ಹಾಕಿದ್ರೆ ಮಕ್ಕಳು ಹಾರ್ಕೊಂಡೇ ಬಾಗಿಲಿಗೆ ಹೋಗಬೇಕು. ಆದ್ರೆ ಛಾವಣಿ ಭಾರೀ ಎತ್ತರ. ನಾನು ಚಾಕ್‌ಪೀಸ್ ತಗೊಂಡು ನೆಲದ ಮೇಲೇ ಬರೆದೆ: ಎರಡೂ ಗೋಡೆಗೆ ಉದ್ದಕ್ಕೆ ನಾಲ್ಕು ನಾಲ್ಕು ಸಾಲು, ಒಂದೊಂದರಲ್ಲಿ ಮೂರು ಅಂತಸ್ತು, ಥೇಟ್ ಸ್ಲೀಪರ್ ಕೋಚು. ಕಬ್ಬಿಣದ ಚೌಕಟ್ಟು, ಮೇಲೆ ಪ್ಲೈವುಡ್, ಅದರ ಮೇಲೆ ನಾರಿನ ಹಾಸಿಗೆ. ಓಡಾಡೋ ಕಡೆ ಕಂಬ, ಗೋಡೆ ಕಡೆ ಬ್ರ್ಯಾಕೆಟ್. ಬರ್ತ್‌ಗೆ ಎರಡರಂತೆ ನಲವತ್ತೆಂಟು ಬ್ರ್ಯಾಕೆಟ್, ಬ್ರ್ಯಾಕೆಟ್‌ಗೆ ಎರಡರಂತೆ ತೊಂಬತ್ತಾರು ಬೋಲ್ಟ್.

"ಗೋಡೆ ತಡೆಯುತ್ತಾ?" ಅಂದ್ರು ವಾರ್ಡನ್ನಮ್ಮ.

ನಾನು ಗೋಡೆಗೆ ಟಪ್ ಅಂತ ಒಂದು ಏಟು ಹೊಡೆದು ತೋರಿಸಿದೆ. "ಎರಡಡಿ ದಪ್ಪ ಇದೆ ಸಿಸ್ಟರ್. ಆನೆ ನೇತು ಹಾಕಿದ್ರೂ ತಡೆಯುತ್ತೆ."

ನನ್ನ ಜೀವಮಾನದಲ್ಲಿ ನಾನು ಬೋಲ್ಟ್ ಹಾಕಿದ್ದೆಲ್ಲ ಕಬ್ಬಿಣಕ್ಕೆ. ಕೋಚಿನ ಗೋಡೆ ಒಳಗೆ ಕಂಬ ಎಲ್ಲಿರುತ್ತೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಮನೆ ಗೋಡೆ ಒಳಗೆ ಏನಿರುತ್ತೆ ಅಂತ ನಾನು ಯಾವತ್ತೂ ಯೋಚನೆ ಮಾಡಿದವನೇ ಅಲ್ಲ.

ಕೆಲಸ ಹಂಚಿದೆ. ತಂಡದ ಗಂಡು ಹುಡುಗರಿಗೆ ಗರಗಸ, ಡ್ರಿಲ್ಲು. ಮುಖ್ಯಸ್ಥೆ ಕೈಗೆ ಬ್ರಷ್ ಕೊಟ್ಟು, "ನೀವು ಕಂಬಗಳಿಗೆ ಪೇಂಟ್ ಮಾಡಿ ಮೇಡಂ, ಹೇಗೂ ಬಣ್ಣದ ಮೇಲೆ ಪ್ರೀತಿ," ಅಂದೆ. ಅವಳು ಒಂದು ಸಲ ಬ್ರಷ್ ನೋಡಿದ್ಲು, ಒಂದು ಸಲ ನನ್ನನ್ನ ನೋಡಿದ್ಲು. ಆಮೇಲೆ ಪೇಂಟ್ ಡಬ್ಬಿ ಮುಚ್ಚಳ ತೆಗೆದ್ಲು.

ಕೀಟಲೆ ಇಲ್ಲದೆ ನನ್ನ ಕೈ ಕೆಲಸಕ್ಕೆ ಬಗ್ಗಲ್ಲ. ಎರಡನೇ ದಿನ ಮುಖ್ಯಸ್ಥೇನ ಕರೆದು, ಬೀದಿ ಕೊನೇಲಿರೋ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅರ್ಧ ಕೆಜಿ ತೂತು ತಗೊಂಡು ಬನ್ನಿ ಅಂತ ಕಳಿಸಿದೆ. ತಮಿಳಲ್ಲಿ ಹೆಂಗೆ ಕೇಳಬೇಕು ಅಂತ ಬಾಯಿಪಾಠ ಬೇರೆ ಮಾಡಿಸಿದ್ದೆ. ಅಂಗಡಿಯವನು ಇಂಥಾ ಕೀಟಲೇಲಿ ನನ್ನ ಹಳೇ ಪಾಲುದಾರ, ಕಣ್ಣು ಮಿಟುಕಿಸದೆ ಅರ್ಧ ಕೆಜಿ ವಾಷರ್ ತೂಗಿ ಕಟ್ಟಿಕೊಟ್ಟ. "ತೂತು ಬಿಡಿಯಾಗಿ ಸಿಗಲ್ಲ, ಸುತ್ತ ಕಬ್ಬಿಣ ಇರೋದೇ ಬರೋದು," ಅಂದನಂತೆ. ಅವಳು ಪೊಟ್ಟಣ ತಂದು ಗಂಭೀರವಾಗಿ ನನ್ನ ಕೈಲಿಟ್ಲು. ಮಕ್ಕಳು ಬಿದ್ದು ಬಿದ್ದು ನಕ್ಕವು.

ನಾಲ್ಕನೇ ದಿನ ಇನ್ನೂ ದೊಡ್ಡದು ಮಾಡಿದೆ. ಒಂದು ತಗಡು ಧಡಾರ್ ಅಂತ ಕೆಡವಿ, "ಬಿತ್ತಪ್ಪೋ!" ಅಂತ ಕಿರುಚಿ, ನೆಲದ ಮೇಲೆ ನಾಲಿಗೆ ಚಾಚ್ಕೊಂಡು ಮಲಗ್ಬಿಟ್ಟೆ. ಎಂಟೂ ಜನ ಫಸ್ಟ್ ಏಡ್ ಡಬ್ಬಿ ಹಿಡ್ಕೊಂಡು ಓಡಿ ಬಂದ್ರು, ಅದರಲ್ಲೊಬ್ಬಳು ನನ್ನ ನಾಡಿ ಹಿಡಿದು ಪ್ರಾರ್ಥನೆ ಶುರು ಮಾಡಿದ್ಲು. "ಆಮೆನ್" ಅನ್ನೋ ಹೊತ್ತಿಗೆ ಎದ್ದು ಕೂತೆ. ವಾರ್ಡನ್ನಮ್ಮ ಒಂದು ದಿನ ಪೂರ್ತಿ ನನಗೆ ಕಾಫಿ ಕೊಡಲಿಲ್ಲ.

ಇಷ್ಟರ ಮಧ್ಯೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಡ್ರಿಲ್ಲು ಗೋಡೆಗೆ ಇಟ್ರೆ ಬಿಸಿ ಮುದ್ದೇಲಿ ಬೆರಳು ಇಟ್ಟಂಗೆ ಹೋಗ್ತಿತ್ತು. ಮೊದಲ ಅರ್ಧ ಇಂಚು ಗಟ್ಟಿ, ಆಮೇಲೆ ಸಲೀಸು. ಕೆಲಸ ಬೇಗ ಆಗ್ತಿದೆ ಅಂತ ಖುಷಿ ಪಟ್ಟೆ. ಏಳನೇ ದಿನ ಎರಡು ಬೋಲ್ಟ್ ಎಷ್ಟು ತಿರುಗಿಸಿದ್ರೂ ಬಿಗಿಯಾಗದೆ ಸುಮ್ನೆ ಸುತ್ತುತ್ತಿದ್ವು. ಆಚೆ ಈಚೆ ನೋಡಿದೆ, ಯಾರೂ ಇಲ್ಲ. ತೂತಿಗೆ ನಾಲ್ಕು ಬೆಂಕಿಕಡ್ಡಿ ತುರುಕಿ ಬಿಗಿ ಮಾಡ್ಬಿಟ್ಟೆ. ಬಿಗಿಯಾಯ್ತು. ಮರೆತೆ. ಮರೆತಂಗೆ ಮಾಡಿದೆ.

ಹನ್ನೆರಡನೇ ದಿನಕ್ಕೆ ಎಲ್ಲಾ ಮುಗೀತು. ಹಾಲು ನೋಡಿದವರು ಟಿಕೆಟ್ ಕೇಳಬೇಕು, ಹಂಗಿತ್ತು. ಟಿ. ನಗರದ ಅಂಗಡಿಯಿಂದ ಹೂವಿನ ಬೆಡ್‌ಶೀಟ್ ಬೇರೆ ಬಂದಿದ್ವು. ಅವತ್ತೇ ಬೆಳಿಗ್ಗೆ ಹತ್ತು ಗಂಟೆಗೆ ಪ್ರತಿಷ್ಠೆ ಪ್ರಾರ್ಥನೆ, ಪ್ರಾರ್ಥನೆ ಆದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ತಂತಮ್ಮ ಬರ್ತ್ ಹತ್ತಬೇಕು ಅಂತ ತೀರ್ಮಾನ. ಮಾರನೇ ದಿನ ಹನ್ನೊಂದಕ್ಕೆ ತಪಾಸಣೆ.

ಎಂಟು ಗಂಟೆಗೇ ಹೋದೆ, ಒಬ್ಬನೇ ಒಂದು ಸಲ ಕಣ್ತುಂಬ ನೋಡ್ಕೊಳ್ಳೋಣ ಅಂತ. ಮೂರನೇ ಸಾಲಿನ ಕೆಳಗಿನ ಬೆಡ್‌ಶೀಟ್ ಮೇಲೆ ಗೋಡೆ ಅಂಚಿಗೆ ಕೆಂಪು ಪುಡಿ ಸಣ್ಣಗೆ ಗೆರೆ ಎಳೆದಂಗೆ ಬಿದ್ದಿತ್ತು. ಮೇಲೆ ನೋಡಿದೆ. ಬ್ರ್ಯಾಕೆಟ್ ಸುತ್ತ ಪೇಂಟ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೆ ಇನ್ನೂ ಯಾರೂ ಮಲಗೇ ಇರಲಿಲ್ಲ. ಬರೀ ಹಾಸಿಗೆ ಭಾರಕ್ಕೆ!

ಅಲ್ಲೇ ಕೂತ್ಕೊಂಡೆ. ಮನಸ್ಸು ಏನು ಹೇಳ್ತು ಅಂತ ಮುಚ್ಚಿಡದೆ ಹೇಳ್ತೀನಿ. ಆ ಮೇಡಂ ಬಂದು ಬೆಡ್ ಎಣಿಸ್ತಾರೆ ಅಷ್ಟೆ. ಇಪ್ಪತ್ನಾಲ್ಕು ಇದೆ. ಸಹಿ ಹಾಕ್ತಾರೆ. ಮಕ್ಕಳು ಒಂದೆರಡು ದಿನ ನೆಲದ ಮೇಲೇ ಮಲಗಲಿ, ಆಮೇಲೆ ಸದ್ದಿಲ್ಲದೆ ಸರಿ ಮಾಡಿದ್ರಾಯ್ತು. ಈಗ ಬಾಯಿ ಬಿಟ್ರೆ ಒಂದು ದಿನದಲ್ಲಿ ಎಲ್ಲಾ ಬಿಚ್ಚಿ ಕಟ್ಟೋಕಾಗುತ್ತಾ? ಆಗದೇ ಹೋದ್ರೆ ಆ ಎರಡು ಮಕ್ಕಳು ಎರಡು ದಿಕ್ಕು. ಮುಚ್ಚಿಟ್ರೆ ಉಳೀತಾರೆ, ಹೇಳಿದ್ರೆ ಹೋಗ್ತಾರೆ, ಅನ್ನಿಸಿಬಿಡ್ತು.

ಅಷ್ಟರಲ್ಲಿ ಆ ತಂಗಿ ಓಡಿ ಬಂದು, ಅದೇ ಮೂರನೇ ಸಾಲಿನ ಏಣಿಗೆ ಕೈ ಹಾಕಿದ್ಲು.

"ಏಯ್, ಇಳಿ!" ಅಂತ ಗದರಿಸಿದೆ. ಯಾವತ್ತೂ ಗದರಿದವನಲ್ಲ. ಅವಳು ಅಳ್ತಾ ಅಕ್ಕನ ಹತ್ರ ಓಡಿದ್ಲು. ಅಲ್ಲಿಗೆ ತೀರ್ಮಾನ ಆಯ್ತು. ಒಂದೆರಡು ದಿನ ಹತ್ತಬೇಡಿ ಅಂದ್ರೆ ಯಾವ ಮಗು ಕೇಳುತ್ತೆ?

ಹತ್ತು ಗಂಟೆಗೆ ಎಲ್ಲರೂ ಸೇರಿದ್ರು. ನಾನು ಎದ್ದು ನಿಂತು, "ಪ್ರಾರ್ಥನೆ ಆಮೇಲೆ. ಯಾರೂ ಹತ್ತಬಾರದು. ಗೋಡೆ ಹಿಡೀತಿಲ್ಲ, ಬಿದ್ದು ಹೋಗುತ್ತೆ," ಅಂದೆ.

ಎಲ್ಲರೂ ನಕ್ಕರು. ವಿದೇಶದ ಹುಡುಗರು ಚಪ್ಪಾಳೆ ಹೊಡೆದ್ರು. ಒಬ್ಬ ಫಸ್ಟ್ ಏಡ್ ಡಬ್ಬಿ ತೋರಿಸಿ ಕುಣಿದ.

"ಬ್ರದರ್, ಇವತ್ತು ಆಟ ಬೇಡ," ಅಂದ್ರು ವಾರ್ಡನ್ನಮ್ಮ, ಕೈ ಮುಗಿದು.

"ಆಟ ಅಲ್ಲ ಸಿಸ್ಟರ್, ಸತ್ಯ."

"ಮೊನ್ನೆ ಸತ್ತಾಗ್ಲೂ ಹಿಂಗೇ ಇತ್ತು ನಿಮ್ಮ ಮುಖ."

ಇದು ನಾನೇ ಬಿತ್ತಿದ ಬೆಳೆ, ಯಾರನ್ನ ಬೈಯೋದು? ನಮ್ಮ ಫ್ಯಾಕ್ಟರಿ ಷಾಪಲ್ಲಿ ಒಂದು ಪದ್ಧತಿ ಇತ್ತು: ಬೋಲ್ಟ್ ಹಾಕಿದವನೇ ಮೊದಲು ಮಲಗಬೇಕು. ಕಾಗದದಲ್ಲೆಲ್ಲೂ ಬರೆದಿರಲಿಲ್ಲ, ಆದ್ರೆ ಮಲಗದವನಿಗೆ ಟೀ ಕೊಡ್ತಿರಲಿಲ್ಲ. ಇಲ್ಲಿ ಹೊಗಳಿಕೆ ಗದ್ದಲದಲ್ಲಿ ಅದನ್ನ ಮಾಡೇ ಇರಲಿಲ್ಲ. ಚಾಪೆಗಳನ್ನೆಲ್ಲ ಎಳೆದು ಮೂರನೇ ಸಾಲಿನ ಮುಂದೆ ಗುಡ್ಡೆ ಹಾಕಿದೆ. ಚಪ್ಪಲಿ ಬಿಟ್ಟೆ. ಮಧ್ಯದ ಬರ್ತ್ ಹತ್ತಿ, ನನ್ನ ಎಂಬತ್ತೈದು ಕೆಜೀನ ಉದ್ದಕ್ಕೆ ಚಾಚಿದೆ.

ಹತ್ತು ಎಣಿಸೋವಷ್ಟು ಹೊತ್ತು ಏನೂ ಆಗಲಿಲ್ಲ. ಅವರ ನಗು ಇನ್ನೂ ಜೋರಾಯ್ತು. ನನಗೂ ಒಂದು ಕ್ಷಣ ಆಸೆ ಬಂತು. ಆಮೇಲೆ ಕಿವಿ ಪಕ್ಕ ಕರ್ರ್ ಅಂತು. ಬ್ರ್ಯಾಕೆಟ್ಟು ಬೋಲ್ಟು ಬೆಂಕಿಕಡ್ಡಿ ಸಮೇತ ಕಿತ್ಕೊಂಡು ಬಂದು, ಬರ್ತ್ ಗೋಡೆ ಕಡೆ ವಾಲಿ, ನಾನು ಜಾರುಬಂಡೇಲಿ ಬಂದಂಗೆ ಕೆಳಗಿನ ಬರ್ತಿಗೆ ಜಾರಿ, ಅಲ್ಲಿಂದ ಉರುಳಿ ಚಾಪೆ ಗುಡ್ಡೆ ಮೇಲೆ ಬಂದು ಬಿದ್ದೆ. ಸೊಂಟ ಚುರ್ ಅಂತು. ಗೋಡೇಲಿ ತಟ್ಟೆಯಷ್ಟು ಅಗಲ ಪೇಂಟಿನ ಚಕ್ಕೆ ಎದ್ದು, ಒಳಗಿಂದ ಕೆಂಪು ಪುಡಿ ಸರಸರ ಸುರೀತು, ಹರಿದ ಮೂಟೆಯಿಂದ ರಾಗಿ ಹಿಟ್ಟು ಸುರಿದಂಗೆ.

ಯಾರೂ ನಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಎಂಥಾ ನೆಮ್ಮದಿ ಅಂತೀರಿ! ಬಿದ್ದಿದ್ದು ನಾನು. ಮಕ್ಕಳಲ್ಲ.

ಹಾರ್ಡ್‌ವೇರ್ ಅಂಗಡಿಯವನನ್ನ ಕರೆಸಿದ್ವಿ. ಅವನ ಮನೆತನ ಹಳೇ ಕಟ್ಟಡಗಳ ಕೆಲಸ ಮಾಡ್ಕೊಂಡು ಬಂದದ್ದು. ಪುಡೀನ ಬೆರಳಲ್ಲಿ ಉಜ್ಜಿ ನೋಡಿ, "ಇದು ಇಟ್ಟಿಗೆಗೆ ಸುಣ್ಣದ ಗಾರೆ ಹಾಕಿ ಕಟ್ಟಿದ ಗೋಡೆ. ಇದಕ್ಕೆ ಸುಣ್ಣವೇ ಬಳೀಬೇಕು, ಗೋಡೆ ಉಸಿರಾಡಬೇಕು," ಅಂದ. "ವರ್ಷಾ ವರ್ಷಾ ಎಣ್ಣೆ ಪೇಂಟ್ ಬಳಿದು ಬಳಿದು ಮೂಗು ಬಾಯಿ ಮುಚ್ಚಿದೀರ. ತೇವ ಆಚೆ ಹೋಗೋಕಾಗದೆ ಒಳಗೆಲ್ಲ ಪುಡಿ. ಗೋಡೆ ನಿಂತಿರುತ್ತೆ, ಭಯ ಬೇಡ. ಆದ್ರೆ ಮೊಳೆ ಹಿಡಿಯಲ್ಲ."

ನಾನು ಇಂಗ್ಲಿಷಲ್ಲಿ ಹೇಳಿದೆ. ಮುಖ್ಯಸ್ಥೆ ಹೋಗಿ ಆ ಚಕ್ಕೆ ಎತ್ಕೊಂಡ್ಲು. ಅಂಚಲ್ಲಿ ಪದರ ಪದರ ಕಾಣ್ತಿತ್ತು: ಹಳದಿ, ನೀಲಿ, ಬಿಳಿ, ಗುಲಾಬಿ. "ಇದರಲ್ಲಿ ಎರಡು ನಮ್ಮ ಸಭೆಯದು," ಅಂದ್ಲು ಮೆಲ್ಲಗೆ. "ಪ್ರೀತಿಯಿಂದ ಬಳಿದಿದ್ವಿ."

ಅವಳೊಬ್ಬಳೇ ಯಾಕೆ ತಪ್ಪೊಪ್ಪಿಕೊಳ್ಳಬೇಕು? ನಾನೂ ಬೆಂಕಿಕಡ್ಡಿ ವಿಷಯ ಹೇಳ್ಬಿಟ್ಟೆ. ನನ್ನ ಬಗ್ಗೆ ನಾನೇ ಕೆಟ್ಟದಾಗಿ ಮಾತಾಡಿದ್ದು ಅದೇ ಮೊದಲು, ನಾಲಿಗೆಗೆ ಅಭ್ಯಾಸ ಇಲ್ಲದೆ ತೊದಲಿತು.

"ಈಗ ದಾರಿ?" ಅಂದ್ಲು.

ದಾರಿ ಬಿದ್ದಾಗಲೇ ಹೊಳೆದಿತ್ತು. ಗೋಡೆಗೆ ಕೈ ಮುಗಿದು ದೂರ ಇರೋದು. ಗೋಡೆ ಕಡೆಗೂ ಕಂಬ ನಿಲ್ಲಿಸಿ, ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಅಡ್ಡಪಟ್ಟಿ ಕೊಟ್ರೆ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತೆ. ಹದಿನಾರು ಕಂಬ. ಒಂದೊಂದಕ್ಕೂ ಅಡಿಯಲ್ಲಿ ಪಾದದ ತಗಡು, ಮೂರು ಕಡೆ ಬೆಸುಗೆ. "ಆದ್ರೆ ವೆಲ್ಡಿಂಗ್ ಮಾಡೋರು ಯಾರು? ಅಂಗಡಿಯವನ ವೆಲ್ಡರ್ ಮದುವೆಗೆ ಅಂತ ಊರಿಗೆ ಹೋಗಿದಾನೆ. ನನಗೆ ಈಗ ಕಣ್ಣು ಸಾಲದು."

ಅವಳು ತೋಳು ಮಡಚಿದ್ಲು. "ನಮ್ಮ ತೋಟದಲ್ಲಿ ದನದ ದೊಡ್ಡಿ ಗೇಟೆಲ್ಲ ನಾನೇ ವೆಲ್ಡ್ ಮಾಡೋದು. ಮೂವತ್ತು ವರ್ಷದಿಂದ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಬ್ರಷ್ ಕೊಟ್ರಿ. ಕೇಳಲಿಲ್ಲ."

ಅಂಗಡಿಯಿಂದ ವೆಲ್ಡಿಂಗ್ ಮೆಷಿನ್ ತಂದು ಹೋಮಲ್ಲೇ ಪ್ಲಗ್ ಹಾಕಿದ್ವಿ. ಮೊದಲ ಕಿಡಿಗೇ ಮೇನ್ ಫ್ಯೂಸ್ ಹಾರಿ, ಅಡುಗೆಮನೆ ಮಿಕ್ಸಿ ನಿಂತು, ಅಡುಗೆಯಾಕೆ ಸೌಟು ಹಿಡ್ಕೊಂಡೇ ಆಚೆ ಬಂದ್ಲು. ಹಳೇ ವೈರಿಂಗು. ಹಂಗಾಗಿ ಕಂಬಗಳನ್ನೆಲ್ಲ ಹೊತ್ಕೊಂಡು ಹಾರ್ಡ್‌ವೇರ್ ಅಂಗಡಿ ಹಿಂದೆ ಗ್ರಿಲ್ ಗೇಟ್ ಮಾಡೋ ಷೆಡ್‌ಗೆ ಹೋದ್ವಿ. ನಾನು ಅಳತೆ ಹಾಕಿ ಗುರುತು ಮಾಡೋದು, ಹುಡುಗರು ಕತ್ತರಿಸೋದು, ಅವಳು ಮುಖವಾಡ ಕೆಳಗಿಳಿಸಿ ಬೆಸೆಯೋದು. ಅವಳ ಬೆಸುಗೆ ನೋಡಿ ಅಂಗಡಿಯವನು ಬಾಯಿ ಮೇಲೆ ಕೈ ಇಟ್ಟ. ಜಡೆ ಹೆಣೆದಂಗೆ ಒಂದೇ ಸಮ. ನಾನು ತಪ್ಪು ಹುಡುಕೋಕೆ ತುಂಬಾ ಪ್ರಯತ್ನ ಪಟ್ಟೆ, ಸಿಗಲಿಲ್ಲ. ಬೀದಿ ಜನ ಎಲ್ಲ ನಿಂತು ನೋಡಿದ್ರು. ಸಂಜೆಯೊಳಗೆ ಹದಿನಾರೂ ಮುಗೀತು. ಮನೆಗೆ ಹೋದಾಗ ಹೆಂಡತಿ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ, "ಕೊನೆಗೂ ನಿಜವಾಗ್ಲೂ ಬಿದ್ರಾ?" ಅಂದ್ಲು. ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು.

ಬೆಳಿಗ್ಗೆ ಆರಕ್ಕೇ ಜೋಡಣೆ. ಬ್ರ್ಯಾಕೆಟ್ಟೆಲ್ಲ ಬಿಚ್ಚಿ ಕಂಬಕ್ಕೆ ಹಾಕಿದ್ವಿ. ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಇಂಚು ಗಾಳಿ ಬಿಟ್ವಿ. ಒಂಬತ್ತೂವರೆಗೆ ನಿಂತ್ವು. ಅಡುಗೆಮನೆಯಿಂದ ಅಕ್ಕಿ ಮೂಟೆ ತರಿಸಿ, ಒಂದೊಂದು ಬರ್ತ್ ಮೇಲೂ ನೂರು ಕೆಜಿ ಇಟ್ಟು, ಕುಲುಕಿ, ಮತ್ತೆ ಇಳಿಸಿದ್ವಿ. ಒಂದೂ ಜಗ್ಗಲಿಲ್ಲ. "ಸಾಕು ಬ್ರದರ್," ಅಂದ್ರು ವಾರ್ಡನ್ನಮ್ಮ. ನನಗೆ ಸಾಕಾಗಲಿಲ್ಲ. ಮೂಟೆ ನಿದ್ದೇಲಿ ಹೊರಳಲ್ಲ. ಮೊದಲನೇದರಿಂದ ಶುರು ಮಾಡಿ ಒಂದೊಂದರಲ್ಲೂ ಮಲಗಿ, ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಇಳಿದು, ಮುಂದಿನದಕ್ಕೆ ಹೋದೆ. ಮಕ್ಕಳು ಬಾಗಿಲಲ್ಲಿ ನಿಂತು ತಮಿಳಲ್ಲಿ ಎಣಿಸ್ತಿದ್ರು, ಆ ತಂಗಿ ಒಬ್ಬಳು ಮಾತ್ರ ಅವರಿಗಿಂತ ಜೋರಾಗಿ ಕನ್ನಡದಲ್ಲಿ.

ಕೊನೇ ಸಾಲಿನ ಮೇಲಿನ ಬರ್ತಲ್ಲಿ ಮಲಗಿದ್ದೆ. ಎಣಿಕೆ ಥಟ್ ಅಂತ ನಿಂತ್ಹೋಯ್ತು.

"ಯಾರದು ಮೇಲೆ?" ಹೆಣ್ಣಿನ ದನಿ.

ತಪಾಸಣೆ ಮೇಡಂ ಅರ್ಧ ಗಂಟೆ ಮೊದಲೇ ಬಂದಿದ್ರು. ಹೆಣ್ಮಕ್ಕಳ ಮಲಗೋ ಹಾಲಲ್ಲಿ, ಹೂವಿನ ಬೆಡ್‌ಶೀಟ್ ಮೇಲೆ, ಬರೀ ಬನಿಯನ್ನಲ್ಲಿ ನಾನು! ಇಳಿಯೋಣ ಅಂದ್ರೆ ಮಂಡಿ ಹಿಡ್ಕೊಂಡಿತ್ತು. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಸುಳ್ಳೂ ಹೊಳೀಲಿಲ್ಲ. ವಾರ್ಡನ್ನಮ್ಮ "ಮೇಡಂ... ಅದು..." ಅಂತಲೇ ಇದ್ರು.

ಅಕ್ಕ ಮುಂದೆ ಬಂದು, ತನಗೆ ಬರೋ ಅಷ್ಟು ತಮಿಳಲ್ಲಿ ಹೇಳಿದ್ಲು: "ನಮ್ಮ ಅಜ್ಜ, ಮೇಡಂ. ಬಿದ್ರೆ ತಾನೇ ಬೀಳ್ಲಿ ಅಂತ ಮೊದಲು ಮಲಗಿದಾರೆ. ನಿನ್ನೆ ಬಿದ್ರು. ಇವತ್ತು ಬೀಳಲಿಲ್ಲ."

ಮೇಡಂ ಬ್ಯಾಗ್ ಕೆಳಗಿಟ್ಟು, ಒಂದು ಕಂಬ ಹಿಡಿದು ಎರಡೂ ಕೈಲಿ ಜಗ್ಗಿದ್ರು. ಮೇಲಿದ್ದ ನಾನು ಕೂಡ ಅಲ್ಲಾಡಲಿಲ್ಲ. ಟೇಪ್ ತೆಗೆದು ಅಂತರ ಅಳೆದ್ರು. ಮಕ್ಕಳು ಉರುಳಿ ಬೀಳದಂಗೆ ಮೇಲಿನ ಬರ್ತಿಗೆ ಹಾಕಿದ್ದ ತಡೆಕಂಬಿ ಸಂದೀಲಿ ಕೈ ತೂರಿಸಿ, "ಮಗು ತಲೆ ಸಿಕ್ಕಾಕ್ಕೊಳುತ್ತಾ?" ಅಂತ ಮೇಲೆ ನೋಡಿದ್ರು.

"ಇಲ್ಲ ಮೇಡಂ. ಸಣ್ಣ ತೆಂಗಿನಕಾಯಿ ಇಟ್ಟು ನೋಡಿದೀನಿ. ತೂರಲ್ಲ."

"ಚಿಕ್ಕವರನ್ನ ಮೇಲೆ ಮಲಗಿಸಬೇಡಿ."

"ಇಲ್ಲ ಮೇಡಂ."

ಎಣಿಸಿದ್ರು. ಬೆರಳು ಒಂದೊಂದು ಬರ್ತ್ ಕಡೆ ತೋರಿಸ್ತಾ, ನಿಧಾನಕ್ಕೆ. ಆಮೇಲೆ ಪೆನ್ನು ಕಾಗದದ ಮೇಲೆ ಓಡಿದ್ದು ಕೇಳಿಸ್ತು. "ಇಪ್ಪತ್ನಾಲ್ಕು. ಸರಿ ಇದೆ. ಯಾರನ್ನೂ ಕಳಿಸಬೇಕಾಗಿಲ್ಲ. ಮೊದಲು ಈ ತಾತನನ್ನ ಇಳಿಸಿ."

ನಾನು ಛಾವಣಿ ನೋಡ್ಕೊಂಡು ಸ್ವಲ್ಪ ಹೊತ್ತು ಹಂಗೇ ಮಲಗಿದ್ದೆ. ಮೇಲಿನ ಬರ್ತ್‌ನ ಒಂದು ಅನುಕೂಲ ಏನಂದ್ರೆ, ಕಣ್ಣಲ್ಲಿ ಏನು ಬಂದ್ರೂ ಕೆಳಗಿರೋರಿಗೆ ಕಾಣಲ್ಲ. ಆಮೇಲೆ ಆ ದನದ ದೊಡ್ಡಿಯವಳು ಬಂದು, ಅಕ್ಕಿ ಮೂಟೆ ಇಳಿಸಿದಂಗೆ ನನ್ನನ್ನ ಹೆಗಲ ಮೇಲೆ ಇಳಿಸ್ಕೊಂಡ್ಲು. ಮಕ್ಕಳು ಕೂಗಿದ ಕೂಗಿಗೆ ಬೀದಿ ನಾಯಿಗಳು ಓಡಿ ಹೋದ್ವು.

ಮಧ್ಯಾಹ್ನ ಎಲ್ಲರಿಗೂ ಬಿರಿಯಾನಿ ಆಯ್ತು. ಉಂಡ ಮಕ್ಕಳೆಲ್ಲ ತಂತಮ್ಮ ಬರ್ತಲ್ಲಿ ಹೋಗಿ ಬಿದ್ಕೊಂಡ್ವು. ನನ್ನ ಸ್ಪ್ಯಾನರ್‌ಗಳು ಒಳಗೇ ಉಳಿದಿದ್ವು, ವಾರ್ಡನ್ನಮ್ಮನ ಜೊತೆ ತಗೊಳ್ಳೋಕೆ ಹೋದೆ. ಬಾಗಿಲ ಪಕ್ಕದ ಸಾಲಲ್ಲಿ ಕೆಳಗಿನದು ತಂಗಿಯದು, ಮಧ್ಯದ್ದು ಅಕ್ಕನದು. ಮಧ್ಯದ ಬರ್ತಲ್ಲಿ ಬೆಡ್‌ಶೀಟ್ ಮಡಿಕೆ ಕೂಡ ಕೆಟ್ಟಿರಲಿಲ್ಲ. ಇಬ್ಬರೂ ಕೆಳಗಿನ ಎರಡಡಿ ಅಗಲದಲ್ಲೇ ಒಬ್ಬರಿಗೊಬ್ಬರು ಅಂಟ್ಕೊಂಡು ಮಲಗಿದ್ರು.

"ನೋಡಿ ಸಿಸ್ಟರ್, ನನ್ನ ಬರ್ತ್‌ಗೆ ಮಾಡಿದ ಅವಮಾನ," ಅಂದೆ ಮೆಲ್ಲಗೆ.

"ಬೆಡ್ ಇರಬೇಕು ಅಂತ ಬರೆದಿದಾರೆ ಬ್ರದರ್," ಅಂದ್ರು ಅವರು. "ಅದರಲ್ಲೇ ಮಲಗಬೇಕು ಅಂತ ಬರೆದಿಲ್ಲ."

ತಂಗಿ ನಿದ್ದೇಲೇ ಅಕ್ಕನ ಮೇಲೆ ಕಾಲು ಹಾಕಿದ್ಲು. ನಾನು ಸ್ಪ್ಯಾನರ್‌ಗಳನ್ನ ಒಂದೊಂದಾಗಿ ಟವೆಲ್ಲಲ್ಲಿ ಸುತ್ತಿ, ಸದ್ದಾಗದಂಗೆ ಚೀಲಕ್ಕೆ ಹಾಕ್ಕೊಂಡು, ಹಿಮ್ಮುಖವಾಗಿ ಬಾಗಿಲು ದಾಟಿ ಬಂದೆ.